ಕಾಗದ ಹಾಕಿದ್ದು, ಕಾಗದ ಮುಟ್ಟಿದ್ದು



ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಎಂದ ಮೇಲೆ ಸಾಲ, ಠೇವಣಿ, ಗೊಬ್ಬರ, ಬಿತ್ತನೆ ಬೀಜಗಳ ಲೆಕ್ಕ ಇರಲೇಬೇಕು. ಅದನ್ನು ಬರೆಯುವುದಕ್ಕೆ ನನಗಿಂತ ಚೆನ್ನಾಗಿ ತಿಳಿದವರು ಆಡಳಿತ ಮಂಡಳಿಯಲ್ಲಿದ್ದಾರೆ. ನಾನು ಬರೆಯುತ್ತಿರುವುದು ಬೇರೆ ವಿಷಯ. ಇಪ್ಪತ್ತೈದು ವರ್ಷ ನಮ್ಮ ಸಂಘದ ಕಚೇರಿಗೂ ನಮ್ಮ ಮನೆಗಳಿಗೂ ನಡುವೆ ಕಾಗದಗಳು ಓಡಾಡಿವೆ. ಕರೆಯೋಲೆ, ನೋಟೀಸು, ರಸೀದಿ, ತಿಳುವಳಿಕೆ ಪತ್ರ, ಹೀಗೆ ನಾನಾ ಹೆಸರು. ಈ ಹೆಸರುಗಳು ಎಲ್ಲಿಂದ ಬಂದವು, ಕಾಗದ ಕಳಿಸುವುದಕ್ಕೂ ಪಡೆಯುವುದಕ್ಕೂ ನಮ್ಮ ಜನ ಯಾವ ಯಾವ ಮಾತು ಬಳಸಿದರು ಎಂದು ನೋಡಿದರೆ ನಾಡಿನ ಚರಿತ್ರೆಯೇ ಅದರಲ್ಲಿ ಸಿಗುತ್ತದೆ. ಸಂಘ ನಡೆಸುವವರಿಗೂ ಅದರಲ್ಲಿ ಒಂದು ಬುದ್ಧಿಮಾತು ಇದೆ ಎಂದು ನನ್ನ ಅನಿಸಿಕೆ.

ಓಲೆಯ ಕಾಲ

ಕಾಗದ ಬರುವುದಕ್ಕೆ ಮುಂಚೆ ನಮ್ಮಲ್ಲಿ ಬರೆಯುತ್ತಿದ್ದುದು ತಾಳೆಗರಿಯ ಮೇಲೆ. ಅದಕ್ಕೆ ಓಲೆ ಎಂದು ಹೆಸರು. ಹೆಂಗಸರು ಕಿವಿಗೆ ಹಾಕುವ ಓಲೆಗೂ ಆ ಗರಿಯ ಸುರುಳಿಯೇ ಮೂಲ. ಗರಿ ಹೋಗಿ ಚಿನ್ನ ಬಂತು, ಹೆಸರು ಉಳಿಯಿತು. ಕಾಗದದ ವಿಷಯದಲ್ಲೂ ಹಾಗೇ. ಈಗ ಯಾರೂ ತಾಳೆಗರಿಯ ಮೇಲೆ ಬರೆಯುವುದಿಲ್ಲ, ಆದರೂ ಮದುವೆಗೆ ಕರೆಯೋಲೆ ಅಚ್ಚು ಹಾಕಿಸುತ್ತೇವೆ. ನಮ್ಮ ಸಂಘದ ಸರ್ವಸದಸ್ಯರ ಸಭೆಗೂ ಕರೆಯೋಲೆಯೇ ಬರುತ್ತದೆ.

ಓಲೆ ಒಯ್ಯುವವನು ಓಲೆಕಾರ. ಹಳಗನ್ನಡದಲ್ಲಿ ಕಳಿಸುವುದಕ್ಕೆ 'ಅಟ್ಟು' ಎನ್ನುತ್ತಿದ್ದರು. ದೂತನನ್ನು ಅಟ್ಟಿದರು, ಓಲೆಯನ್ನು ಬರೆದಟ್ಟಿದರು ಎಂಬ ಬಳಕೆ ಇತ್ತು. ಈಗ ಅಟ್ಟುವುದೆಂದರೆ ದನ ಅಟ್ಟುವುದು, ಕೋಳಿ ಅಟ್ಟುವುದು ಅಷ್ಟೇ. ವಿಜಯನಗರದ ಕಾಲದಲ್ಲಿ ಅರಸರ ಕಾಗದ ಪತ್ರ ಬರೆಯುವ ಕೆಲಸಕ್ಕೆ ರಾಯಸ ಎಂದು ಹೆಸರಿತ್ತು. ಆ ಕೆಲಸದವರ ಮನೆತನಗಳಲ್ಲಿ ಅದೇ ಅಡ್ಡಹೆಸರಾಗಿ ನಿಂತಿದೆ. ಮೇಲಿನಿಂದ ಬರುವ ಆಜ್ಞಾಪತ್ರ ನಿರೂಪ. ಕೆಳಗಿನಿಂದ ಮೇಲಕ್ಕೆ ಹೋಗುವುದು ಬಿನ್ನಹ, ಬಿನ್ನವತ್ತಳೆ. ಇವತ್ತು ಸನ್ಮಾನ ಮಾಡುವಾಗ ಓದುವ ಬಿನ್ನವತ್ತಳೆ ಇದೇ ಮಾತಿನ ಮುಂದುವರಿಕೆ. ಹಿಟ್ಟು ಬಳಿದ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದು ಕಡತ. ಇಂದು ನಮ್ಮ ಕಾರ್ಯದರ್ಶಿಗಳ ಬೀರುವಿನಲ್ಲಿರುವ ಫೈಲಿಗೂ ಕಡತ ಎಂದೇ ಹೆಸರು.

'ಕಾಗದ' ಎಂಬುದು ಪಾರಸಿ ಮಾತು. ಆದರೆ ಅದು ನಮ್ಮಲ್ಲಿ ಎಷ್ಟು ಒಗ್ಗಿತೆಂದರೆ ಬರೆಯುವ ಹಾಳೆಗೂ ಕಾಗದ, ಬರೆದು ಕಳಿಸಿದ್ದಕ್ಕೂ ಕಾಗದ. 'ಪತ್ರ' ಎಂಬುದು ಸಂಸ್ಕೃತದ್ದು, ಅದರ ಅರ್ಥವೂ ಎಲೆ ಎಂದೇ. ಶಾಲೆಯಲ್ಲಿ ಪತ್ರಲೇಖನ ಕಲಿತರೂ ಮನೆಯಲ್ಲಿ ನಾವು ಬರೆದದ್ದು ಕಾಗದ.

ಅಂಚೆ ಮತ್ತು ಟಪಾಲು

ಅಂಚೆ ಎಂಬ ಮಾತಿಗೆ ಮೈಸೂರು ಸಂಸ್ಥಾನದಲ್ಲಿ ದೊಡ್ಡ ಚರಿತ್ರೆ ಇದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಚಾವಡಿಗಳಾಗಿ ವಿಂಗಡಿಸಿದರು. ಅಂಚೆಯ ಏರ್ಪಾಟೂ ಅವರ ಕಾಲದ್ದು. ಸರದಿಯ ಮೇಲೆ ಆಳುಗಳು ಓಡುತ್ತ ಅರಮನೆಯ ಕಾಗದಗಳನ್ನು ಊರಿಂದೂರಿಗೆ ಮುಟ್ಟಿಸುತ್ತಿದ್ದರು. ಮೈಸೂರಿನ ಇತಿಹಾಸ ಬರೆದ ಕರ್ನಲ್ ವಿಲ್ಕ್ಸ್, ಈ ಅಂಚೆಯವರು ಕಾಗದ ಒಯ್ಯುವುದಷ್ಟೇ ಅಲ್ಲ, ತಮ್ಮ ತಮ್ಮ ಸೀಮೆಯ ಗುಟ್ಟಿನ ಸುದ್ದಿಗಳನ್ನೂ ಅರಸರಿಗೆ ವರದಿ ಮಾಡುತ್ತಿದ್ದರೆಂದು ಹೇಳುತ್ತಾರೆ. ಅಂದರೆ ಅಂಚೆ ಮೊದಲು ಹುಟ್ಟಿದ್ದು ನಮ್ಮ ನಿಮ್ಮ ಕ್ಷೇಮ ಸಮಾಚಾರಕ್ಕಾಗಿ ಅಲ್ಲ, ಅರಸರ ಕಣ್ಣು ಕಿವಿಯಾಗಿ. ಮುಂದೆ ಅದು ಜನರ ಕಾಗದಗಳನ್ನೂ ಹೊತ್ತಿತು. 1889ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಪೋಸ್ಟಿನಲ್ಲಿ ಸೇರಿಹೋಯಿತು. ಇಲಾಖೆ ಹೋಯಿತು, ಮಾತು ಮಾತ್ರ ಹೋಗಲಿಲ್ಲ.

ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ್ದು ಹಂಸವೇ ಆದ್ದರಿಂದ ಈ ಹೆಸರು ಬಂತೆಂದು ಮೇಷ್ಟರುಗಳು ಪಾಠ ಹೇಳುವುದುಂಟು. ಕೇಳುವುದಕ್ಕೆ ಚೆಂದ. ಆದರೆ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲೂ ಅಂಚೆಗೆ 'ಅಂಚಲ್' ಎಂದೇ ಹೆಸರಿತ್ತು, ಆ ಹೆಸರಿನ ಸ್ಟಾಂಪುಗಳೂ ಅಚ್ಚಾಗಿದ್ದವು. ತಮಿಳರು ಇಂದಿಗೂ 'ಅಂಜಲ್' ಎನ್ನುತ್ತಾರೆ. ಆದ್ದರಿಂದ ಇದು ದಕ್ಷಿಣದ ಹಲವು ಭಾಷೆಗಳು ಹಂಚಿಕೊಂಡ ಮಾತು, ಹಂಸದ ಕಥೆಯೊಂದರಿಂದಲೇ ಇದನ್ನು ಬಿಡಿಸಲಾಗದು.

ಇನ್ನು ಟಪಾಲು. ಮರಾಠಿಯಲ್ಲಿ ಟಪಾಲ್, ತೆಲುಗಿನಲ್ಲಿ ತಪಾಲಾ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರ ಸೀಮೆಗಳಲ್ಲಿ ಈ ಮಾತೇ ಬಳಕೆ. ಇದರ ಹುಟ್ಟಿನ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ದಾರಿಯ ಒಂದು ಹಂತಕ್ಕೆ ಟಪ್ಪಾ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರದ್ದು ಎಂದು ಕೆಲವರ ಅಭಿಪ್ರಾಯ. ಉತ್ತರದ ಡಾಕ್ ಎಂಬ ಮಾತಿಗೂ ದಾರಿಯುದ್ದಕ್ಕೂ ಸರದಿಯ ಆಳು, ಕುದುರೆಗಳನ್ನು ನಿಲ್ಲಿಸುವ ಏರ್ಪಾಟು ಎಂದೇ ಅರ್ಥ. ಇಂಗ್ಲಿಷಿನ ಪೋಸ್ಟ್ ಎಂಬುದೂ ಹಾಗೆ ದಾರಿಯಲ್ಲಿ ನಿಲ್ಲಿಸಿದ ಠಾಣೆಯೇ. ಮೂರು ಭಾಷೆಯ ದೊರೆಗಳೂ ಕಂಡದ್ದು ಒಂದೇ, ಉದ್ದನೆಯ ರಸ್ತೆ ಮತ್ತು ಅದರ ಮೇಲೆ ಓಡುವ ಆಳು.

ಆ ಓಡುವ ಆಳಿಗೆ ಪಾರಸಿಯಲ್ಲಿ ಹರ್ಕಾರ ಎಂದು ಹೆಸರು. ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ, ಹೆಗಲ ಮೇಲೆ ಚೀಲ. ಗೆಜ್ಜೆಯ ಸದ್ದಿಗೆ ಕಾಡುಮೃಗ ದೂರ ಸರಿಯಬೇಕು, ಮುಂದಿನ ಹಂತದವನು ಸಿದ್ಧವಾಗಬೇಕು. ಕನ್ನಡದಲ್ಲಿ ಅವನೇ ಹರಿಕಾರನಾದ. ಈಗ ಹರಿಕಾರ ಎಂದರೆ ಹೊಸ ಕೆಲಸಕ್ಕೆ ಮೊದಲು ಕಾಲಿಟ್ಟವನು ಎಂದು ಅರ್ಥ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶಕ್ಕೇ ಮೊದಲ ಕೃಷಿ ಸಹಕಾರ ಸಂಘ ಅದು. ಅವರನ್ನು ಸಹಕಾರ ಚಳವಳಿಯ ಹರಿಕಾರರೆಂದು ಕರೆಯುವಾಗ, ಗೆಜ್ಜೆ ಈಟಿ ಹಿಡಿದು ಓಡುತ್ತಿದ್ದ ಆ ಬಡ ಆಳಿನ ಹೆಸರನ್ನೇ ನಾವು ಗೌರವದ ಬಿರುದಾಗಿ ಕೊಡುತ್ತಿದ್ದೇವೆ. ಇದಕ್ಕಿಂತ ಒಳ್ಳೆಯ ಬಿರುದು ಇರಲಾರದು.

ಹೊಳೆಯ ಈಚೆ, ಹೊಳೆಯ ಆಚೆ

ನಮ್ಮದು ತುಂಗಭದ್ರೆಯ ದಡದ ಸೀಮೆ. ಈಚೆ ಹರಿಹರ, ಆಚೆ ರಾಣೆಬೆನ್ನೂರು. 1956ರ ನವೆಂಬರ್ 1ರವರೆಗೆ ಹರಿಹರ ಮೈಸೂರು ರಾಜ್ಯಕ್ಕೂ ರಾಣೆಬೆನ್ನೂರು ಮುಂಬೈ ರಾಜ್ಯಕ್ಕೂ ಸೇರಿದ್ದವು. ಹೊಳೆ ಒಂದೇ, ಭಾಷೆ ಒಂದೇ, ಬೀಗತನವೂ ಉಂಟು. ಆದರೆ ಲಕೋಟೆಯ ಮೇಲಿನ ವಿಳಾಸ ಬೇರೆ. ಹಳೆ ಮೈಸೂರಿನವರು ಬರೆಯುವ ಕ್ರಮ ನೋಡಿ. ಮೊದಲು ಗ್ರಾಮ, ಆಮೇಲೆ ಇಂಥ ಅಂಚೆ, ಇಂಥ ಹೋಬಳಿ, ಇಂಥ ತಾಲ್ಲೂಕು. ಇಲ್ಲಿ ಅಂಚೆ ಎಂದರೆ ಪೋಸ್ಟಾಫೀಸು ಇರುವ ಊರು. ಉತ್ತರದ ಕಡೆಯವರು 'ಮು. ಪೋ.' ಎಂದು ಹಾಕುತ್ತಾರೆ, ಮುಕ್ಕಾಂ ಪೋಸ್ಟ್ ಎಂದು ಅರ್ಥ. ಇದು ಮರಾಠಿ ರೂಢಿ. ಒಂದು ಹಳೆಯ ಲಕೋಟೆ ಕೈಗೆ ಸಿಕ್ಕರೆ ಹೆಸರು ಓದುವುದಕ್ಕೆ ಮುಂಚೆಯೇ ಅದು ಯಾವ ಸರ್ಕಾರದ ರೂಢಿಯದೆಂದು ಹೇಳಬಹುದು.

ಏಕೀಕರಣವಾದ ಮೇಲೆ ಸರ್ಕಾರಿ ಬೋರ್ಡುಗಳಲ್ಲಿ ಎಲ್ಲ ಕಡೆ ಅಂಚೆ ಕಚೇರಿ ಎಂದೇ ಬಂತು. ಟಪಾಲು ಜನರ ಬಾಯಲ್ಲಿ ಉಳಿಯಿತು. "ಟಪಾಲ ಬಂತೇನ್ರಿ?" ಎಂದು ಆಚೆ ದಡದವರು, "ಪೋಸ್ಟ್ ಬಂತೇನಪ್ಪಾ?" ಎಂದು ಈಚೆಯವರು. 1972ರ ಆಗಸ್ಟ್ 15ರಂದು ಆರು ಅಂಕಿಯ ಪಿನ್‌ಕೋಡ್ ಬಂತು. ಅಲ್ಲೂ ಹೊಳೆ ಅಡ್ಡ ನಿಂತಿದೆ. ಹರಿಹರದ ಕಡೆ 577, ರಾಣೆಬೆನ್ನೂರಿನ ಕಡೆ 581. ಹಳ್ಳಿಯ ಅಂಚೆಯವರಿಗೆ ಈಗ ಇಲಾಖೆ ಕೊಟ್ಟಿರುವ ಹೆಸರು ಗ್ರಾಮೀಣ ಡಾಕ್ ಸೇವಕ. ಹೀಗೆ ಅಂಚೆ, ಟಪಾಲು, ಪೋಸ್ಟ್, ಡಾಕ್ ನಾಲ್ಕೂ ಒಂದೇ ಚೀಲದಲ್ಲಿ ಕೂತಿವೆ, ಒಂದಕ್ಕೊಂದು ಜಗಳ ಇಲ್ಲ.

ಕಾರ್ಡು, ಕವರು, ಲಕೋಟೆ

1854ರಲ್ಲಿ ಬ್ರಿಟಿಷರು ದೇಶಕ್ಕೆಲ್ಲ ಒಂದೇ ದರ ತಂದರು. ದೂರ ಎಷ್ಟೆಂದು ನೋಡದೆ ತೂಕ ನೋಡಿ ಹಣ, ಅರ್ಧ ಆಣೆಯಿಂದ ಶುರು. 1879ರ ಜುಲೈ 1ರಂದು ಪೋಸ್ಟ್ ಕಾರ್ಡು ಬಂತು. ಬೆಲೆ ಕಾಲಾಣೆ. ಹಳ್ಳಿಯವರನ್ನು ಅಂಚೆಗೆ ಹತ್ತಿರ ತಂದದ್ದು ಈ ಕಾರ್ಡೇ. ಕಾರ್ಡಿಗೆ ಕನ್ನಡ ಹೆಸರು ಯಾರೂ ಹುಡುಕಲಿಲ್ಲ, ಕಾರ್ಡು ಎಂದೇ ಸಾಕಾಯಿತು. ಮುಚ್ಚಿದ್ದು ಕವರು. ಲಕೋಟೆ ಎಂಬುದು ಮರಾಠಿಯ ಲಖೋಟಾ. ಇನ್‌ಲ್ಯಾಂಡು ಬಂದದ್ದು ಸ್ವಾತಂತ್ರ್ಯದ ನಂತರ, 1950ರಲ್ಲಿ. ಟಿಕೀಟು ಹಚ್ಚದೆ ಹಾಕಿದ ಕಾಗದ ಬೇರಿಂಗ್. ಅದಕ್ಕೆ ಪಡೆಯುವವನೇ ಎರಡರಷ್ಟು ಕಟ್ಟಬೇಕು. "ಅವನ ಕಾಗ್ದ ಯಾವಾಗ್ಲೂ ಬೇರಿಂಗೇ" ಎಂದರೆ ಆ ಮನುಷ್ಯನ ಗುಣವನ್ನೇ ಹೇಳಿದಂತೆ.

1880ರಲ್ಲಿ ಅಂಚೆಯ ಮೂಲಕ ಮನಿಯಾರ್ಡರು ಶುರುವಾಯಿತು. ನಮ್ಮ ಬಾಯಲ್ಲಿ ಅದು ಎಂಓ. ಪಟ್ಟಣಕ್ಕೆ ದುಡಿಯಲು ಹೋದ ಮಗ, ಮಿಲಿಟರಿಗೆ ಸೇರಿದ ಅಣ್ಣ ಕಳಿಸಿದ ಹಣ ಬಂದಾಗ ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದಳು, ಓದು ಬಲ್ಲವರೊಬ್ಬರು ಸಾಕ್ಷಿ ಹಾಕುತ್ತಿದ್ದರು. ಫಾರಂ ತುದಿಯ ಸಣ್ಣ ಕೂಪನ್ನಿನಲ್ಲಿ ಎರಡು ಸಾಲು. ಹಣ ಖರ್ಚಾದ ಮೇಲೂ ಆ ಕೂಪನ್ ದೇವರ ಗೂಡಿನಲ್ಲಿ ಇರುತ್ತಿತ್ತು.

ತಂತಿ ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ತಂತಿ, ತಾರು, ಟೆಲಿಗ್ರಾಂ, ಮೂರೂ ಒಂದೇ. ಪದಕ್ಕೆ ಇಷ್ಟೆಂದು ಹಣ ಕೊಡಬೇಕಾದ್ದರಿಂದ ಸಾವಿನ ಸುದ್ದಿಗೋ ತೀರಾ ಅವಸರಕ್ಕೋ ಮಾತ್ರ ತಂತಿ. ಅಷ್ಟು ಅನುಕೂಲ ಇಲ್ಲದವರು ಕಾರ್ಡಿನಲ್ಲೇ "ಈ ಕಾಗದವನ್ನೇ ತಂತಿ ಎಂದು ತಿಳಿದು ಹೊರಟು ಬರುವುದು" ಎಂದು ಬರೆಯುತ್ತಿದ್ದರು. ಬಡವರ ತಂತಿ ಅದು. ದೇಶದ ತಂತಿ ಸೇವೆ 2013ರ ಜುಲೈ 15ರಿಂದ ನಿಂತುಹೋಯಿತು. ರಿಜಿಸ್ಟರ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆಯನ್ನು ಇಲಾಖೆ 2025ರಲ್ಲಿ, 1986ರಿಂದ ನಡೆದು ಬಂದಿದ್ದ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿತು.

ಹಾಕುವುದು, ಬರುವುದು, ಮುಟ್ಟುವುದು

ಇಲ್ಲಿಯವರೆಗೆ ನೋಡಿದ ಹೆಸರುಗಳೆಲ್ಲ ದೊರೆಗಳಿಂದ, ಕಚೇರಿಗಳಿಂದ ಬಂದವು. ಆದರೆ ಕೆಲಸ ಹೇಳುವ ಮಾತುಗಳನ್ನು ನಮ್ಮ ಜನ ಯಾರಿಂದಲೂ ಸಾಲ ತರಲಿಲ್ಲ. ಕಳಿಸುವುದಕ್ಕೆ 'ಹಾಕು'. ಕಾಗದ ಹಾಕಿದೆ, ಕಾರ್ಡು ಹಾಕಿದೆ. ಕೈಬಿಟ್ಟು ಡಬ್ಬಿಗೆ ಹಾಕುವುದೇ ಕಳಿಸುವುದು. ಆಚೆ ತುದಿಯಲ್ಲಿ 'ಬಂತು'. ಎರಡರ ನಡುವೆ ಇನ್ನೊಂದು ಮಾತಿದೆ, ಅದೇ ಮುಖ್ಯ. 'ಮುಟ್ಟಿತು.'

ಕಾಗದ ಮುಟ್ಟಿತು, ಹಣ ಮುಟ್ಟಿತು, ಸುದ್ದಿ ಮುಟ್ಟಿತು. ಮುಟ್ಟುವುದೆಂದರೆ ಕೈಗೆ ತಾಗುವುದು. ಕಾಗದ ಊರಿಗೆ ಬಂದು ಅಂಗಡಿಯ ಜಗಲಿಯ ಮೇಲೆ ಬಿದ್ದಿದ್ದರೆ ಅದು ಬಂದಿದೆ, ಮುಟ್ಟಿಲ್ಲ. ಹಳೆಯ ಕಾಗದಗಳ ಕೊನೆಯಲ್ಲಿ ತಪ್ಪದೆ ಒಂದು ಸಾಲು ಇರುತ್ತಿತ್ತು, ಮುಟ್ಟಿದ್ದಕ್ಕೆ ಕಾಗದ ಬರೆಯುವುದು ಎಂದು. ಉತ್ತರದ ಕಡೆ ಮರುಟಪಾಲಿಗೆ ಉತ್ತರ ಎನ್ನುತ್ತಿದ್ದರು. "ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು" ಎಂಬ ಒಕ್ಕಣೆಯ ಒಳಗಿರುವುದೂ ಅದೇ. ನನ್ನ ಸುದ್ದಿ ಅರ್ಧ, ನಿನ್ನ ಉತ್ತರ ಬಂದರೆ ಪೂರ್ತಿ.

ಬೇರೆ ಭಾಷೆಯಿಂದ ಬಂದು ನಮ್ಮ ವಹಿಗಳಲ್ಲಿ ಕೂತ ಮಾತುಗಳೂ ಇದನ್ನೇ ಹೇಳುತ್ತವೆ. ರಸೀದಿ ಎಂಬ ಪಾರಸಿ ಮಾತಿನ ಮೂಲಾರ್ಥ 'ತಲುಪಿತು' ಎಂದು. ಪಾವತಿ ಎಂಬುದಕ್ಕೆ ಮರಾಠಿಯಲ್ಲಿ ಮೂಲ, 'ಮುಟ್ಟುವುದು, ದೊರೆಯುವುದು' ಎಂಬ ಕ್ರಿಯೆ. ನಮ್ಮ ಅಚ್ಚಗನ್ನಡದ ಸಂದಾಯವೂ 'ಸಲ್ಲು' ಎಂಬುದರಿಂದ ಬಂದದ್ದು. ಸಲ್ಲಬೇಕಾದವರಿಗೆ ಸಂದದ್ದೇ ಸಂದಾಯ. ಸಂಘದ ಗುಮಾಸ್ತರು ರಸೀದಿ ಹರಿದು ಕೊಡುವಾಗ ಹೇಳುತ್ತಿರುವುದು ಇಷ್ಟೇ. ನೀನು ಕೊಟ್ಟದ್ದು ನಮಗೆ ಮುಟ್ಟಿದೆ, ಮಾತು ಪೂರ್ತಿಯಾಗಿದೆ.

ಸಂಘದ ವಹಿಯಲ್ಲಿ ಈ ಮಾತುಗಳು

ಸಂಘದ ಕಚೇರಿಯಲ್ಲಿ ಕಾಗದಗಳಿಗೆ ಎರಡು ವಹಿ. ಉತ್ತರ ಕರ್ನಾಟಕದಲ್ಲಿ ಅವಕ್ಕೆ ಆವಕ, ಜಾವಕ ಎನ್ನುತ್ತಾರೆ. ಬರುವುದು ಆವಕ, ಹೋಗುವುದು ಜಾವಕ. ಮಾರುಕಟ್ಟೆಗೆ ಹತ್ತಿ, ಮೆಕ್ಕೆಜೋಳ ಬಂದದ್ದಕ್ಕೂ ಆವಕ ಎಂದೇ ಹೇಳುವುದು. ಕಳಿಸಿದ್ದು ರವಾನೆ, ಮನೆಮನೆಗೆ ಹಂಚಿದ್ದು ಬಟವಾಡೆ. ಅಂಚೆಯವನು ಕಾಗದ ಬಟವಾಡೆ ಮಾಡುತ್ತಾನೆ, ಗುತ್ತಿಗೆದಾರ ಕೂಲಿ ಬಟವಾಡೆ ಮಾಡುತ್ತಾನೆ, ಸಂಘ ಸಾಲ ಬಟವಾಡೆ ಮಾಡುತ್ತದೆ. ಮೂರರಲ್ಲೂ ಒಂದೇ ನಿಯಮ, ಹೆಸರಿದ್ದವನ ಕೈಗೇ ಸೇರಬೇಕು.

ನೋಟೀಸಿನ ವಿಷಯ ಬಂದಾಗ ಮಾತ್ರ ಸ್ವಲ್ಪ ತೊಡಕು. ನೋಟೀಸು 'ಜಾರಿ' ಆಯಿತು ಎನ್ನುತ್ತೇವೆ. ಜಾರಿ ಎಂದರೆ ಹರಿದುಹೋಗುವುದು, ನಡೆಯುವುದು. 1897ರ ಜನರಲ್ ಕ್ಲಾಸಸ್ ಕಾಯಿದೆಯ 27ನೇ ಕಲಮು, ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ರಿಜಿಸ್ಟರ್ ಅಂಚೆಗೆ ಹಾಕಿದ ಕಾಗದವು ತಲುಪಿದೆ ಎಂದೇ ಭಾವಿಸಬೇಕೆಂದು ಹೇಳಿತು. ತಲುಪಿಲ್ಲವೆನ್ನುವವನು ರುಜುವಾತು ಮಾಡಬೇಕು. ಕಾನೂನಿಗೆ ಇದು ಬೇಕು. ಇಲ್ಲದಿದ್ದರೆ ಸುಸ್ತಿದಾರರೆಲ್ಲ "ನಮ್ಗೆ ಮುಟ್ಟೇ ಇಲ್ಲ" ಎಂದು ಕೂತರೆ ಯಾವ ಸಂಘವೂ ನಡೆಯಲಾರದು. ಆದರೆ ಕಾನೂನಿಗೆ ಹಾಕಿದರೆ ಸಾಕು, ಊರಿಗೆ ಮುಟ್ಟಬೇಕು. ಈ ಎರಡರ ನಡುವಿನ ಅಂತರದಲ್ಲೇ ಹಳ್ಳಿಗಳಲ್ಲಿ ಎಷ್ಟೋ ಮನಸ್ತಾಪಗಳು ಹುಟ್ಟಿವೆ. ಊರು ಬಿಟ್ಟು ದುಡಿಯಲು ಹೋದವನ ಹಳೆ ವಿಳಾಸಕ್ಕೆ ನೋಟೀಸು ಹೋಗುತ್ತದೆ. ಓದು ಬಾರದ ಮುದುಕಿ ಲಕೋಟೆಯನ್ನು ಗೋಡೆಯ ಸಂದಿಯಲ್ಲಿ ಸಿಕ್ಕಿಸಿ ಮರೆಯುತ್ತಾಳೆ. ವಾಯಿದೆ ಮೀರಿ ಬಡ್ಡಿ ಏರಿದ ಮೇಲೆ ಸುದ್ದಿ ಗೊತ್ತಾಗುತ್ತದೆ. ಜಾವಕ ವಹಿಯಲ್ಲಿ ನಂಬರು ಸರಿಯಾಗಿಯೇ ಇರುತ್ತದೆ.

ಸಂಘ ಶುರುವಾದಾಗ ಸಭೆಯ ತಿಳುವಳಿಕೆ ಪತ್ರಗಳು ಕಾರ್ಡಿನಲ್ಲಿ ಹೋಗುತ್ತಿದ್ದವು, ಊರೊಳಗಿನವರಿಗೆ ಜವಾನರ ಕೈಯಲ್ಲಿ. ಜವಾನರು ಹೆಸರಿನ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಮುಟ್ಟಿದ್ದಕ್ಕೆ ಸಹಿ ಇಲ್ಲವೇ ಹೆಬ್ಬೆಟ್ಟು ತರುತ್ತಿದ್ದರು. ಸಹಿ ಹಾಕುವಾಗ "ಏನು ವಿಷ್ಯ?" ಎಂದು ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ಓದು ಬಾರದವರಿಗೂ ಸಭೆಯ ವಿಷಯ ಮುಟ್ಟುತ್ತಿದ್ದುದು ಹೀಗೆ.

ಈಗ ಫೋನಿನ ಕಾಲ. ಸಂಘದ ಸುದ್ದಿ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಅನುಕೂಲವೇ, ನಾನು ಅದರ ವಿರೋಧಿಯಲ್ಲ. ಗಮನಿಸಿ, ಮಾತು ಅದೇ ಉಳಿದಿದೆ. "ಮೆಸೇಜ್ ಹಾಕಿದೀವಲ್ಲ, ಗ್ರೂಪಿಗೆ ಹಾಕಿದೀವಲ್ಲ." ಕಾಗದ ಹಾಕಿದ ಹಾಗೇ ಇದನ್ನೂ ಹಾಕುತ್ತೇವೆ. ಓದಿದರೆ ಗೀಟಿನ ಬಣ್ಣ ಬದಲಾಗುತ್ತದೆಯಂತೆ, ಅದು ಈ ಕಾಲದ ರಸೀದಿ. ಆದರೆ ಬಟನ್ ಫೋನು ಇಟ್ಟುಕೊಂಡವರು, ಫೋನೇ ಇಲ್ಲದವರು, ಮಗನ ಫೋನಿನ ನಂಬರು ಕೊಟ್ಟಿರುವ ಹಿರಿಯರು ನಮ್ಮ ಸದಸ್ಯರಲ್ಲೇ ಇದ್ದಾರೆ. ಷೇರು ಹಾಕಿದವರು ಅವರು, ಸಂಘ ಕಟ್ಟಿದವರು ಅವರು. ಗ್ರೂಪಿಗೆ ಹಾಕಿದ ಸುದ್ದಿ ಅವರಿಗೆ ಮುಟ್ಟಿತೇ ಎಂದು ಕೇಳುವವರು ಬೇಕು. ಸಭೆಗೆ ಬರದಿದ್ದವರು ಬೇಕೆಂದೇ ಬರಲಿಲ್ಲವೋ, ಕರೆಯೋಲೆ ಮುಟ್ಟಲಿಲ್ಲವೋ ಎಂಬುದು ಹಾಜರಿ ಪುಸ್ತಕದಿಂದ ತಿಳಿಯುವುದಿಲ್ಲ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಅರಿಕೆ. ಫೋನಿನಲ್ಲಿ ಎಷ್ಟು ಬೇಕಾದರೂ ಹಾಕಿ. ಅದರ ಜೊತೆಗೆ ಹಿರಿಯ ಸದಸ್ಯರದ್ದೊಂದು ಪಟ್ಟಿ ಇರಲಿ. ವರ್ಷದ ಸಭೆಯ ಕರೆಯೋಲೆ, ಸಾಲದ ವಾಯಿದೆಯ ತಿಳುವಳಿಕೆ, ಈ ಎರಡನ್ನು ಅವರ ಮನೆಗೆ ಕೈಯಲ್ಲಿ ಕಳಿಸಿ, ಓದಿ ಹೇಳಿಸಿ, ಮುಟ್ಟಿದ್ದಕ್ಕೆ ಸಹಿ ಪಡೆಯಿರಿ. ಖರ್ಚು ಹೆಚ್ಚಲ್ಲ. ಸದಸ್ಯರೂ ಅಷ್ಟೇ, ಮನೆ ಬದಲಾದಾಗ, ನಂಬರು ಬದಲಾದಾಗ ಸಂಘಕ್ಕೆ ತಿಳಿಸಬೇಕು. ಬಂದ ಕಾಗದಕ್ಕೆ ಉತ್ತರ ಕೊಡುವುದು ಪಡೆದವನ ಕರ್ತವ್ಯ.

ಅರಸರ ಅಂಚೆ ಹೋಯಿತು, ತಂತಿ ಹೋಯಿತು, ಕಾರ್ಡು ಬರೆಯುವವರು ಬೆರಳೆಣಿಕೆಯಷ್ಟು. ಮಾತುಗಳು ಮಾತ್ರ ನಮ್ಮ ವಹಿಗಳಲ್ಲಿ, ಬಾಯಲ್ಲಿ ಇನ್ನೂ ಇವೆ. ಅವುಗಳ ಅರ್ಥ ಉಳಿಸಿಕೊಂಡು ನಡೆದರೆ ಸಂಘಕ್ಕೂ ಸದಸ್ಯರಿಗೂ ನಡುವೆ ನಂಬಿಕೆ ಉಳಿಯುತ್ತದೆ. ನಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುವ ದಿನ ಅದರ ಕರೆಯೋಲೆ ಒಬ್ಬೊಬ್ಬ ಸದಸ್ಯರ ಕೈಗೂ ಮುಟ್ಟಲಿ ಎಂದು ಹಾರೈಸುತ್ತೇನೆ.